ಹೂಮಳೆ ಬಂತಾ ಅಂತ ಕೇಳಿದ್ದಷ್ಟೇ

ಮೊನ್ನೆ ಸೋಮವಾರಪೇಟೆ ಬಸ್‌ಸ್ಟ್ಯಾಂಡ್ ಹತ್ರ ಟೀ ಕುಡೀತಿದ್ದಾಗ ಪರಿಚಯದವರೊಬ್ರು ವಾಟ್ಸಾಪಲ್ಲಿ ಬಂದ ವಿಡಿಯೋ ತೋರಿಸಿದ್ರು. ಯಾರನ್ನೋ ಜೀಪ್ ಹಿಂದುಗಡೆ ಹಗ್ಗದಲ್ಲಿ ಬಿಗಿದು ಮೆಂಟಲ್ ಆಸ್ಪತ್ರೆಗೆ ಸಾಗಿಸ್ತಿದ್ದಾರೆ, ಸುತ್ತ ಜನ ನಗ್ತಿದ್ದಾರೆ. "ಇಂಥವರಿಗೆ ನಾಲ್ಕು ಬಾರಿಸಿದ್ರೆ ಎಲ್ಲ ಸರಿ ಹೋಗುತ್ತೆ" ಅಂದ್ರು ಇವರು. ನಂಗೆ ಅಲ್ಲಿ ಮಾತೇ ಬರ್ಲಿಲ್ಲ. ಅದಕ್ಕೆ ಇಲ್ಲಿ ಬರೀತಿದೀನಿ, ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ನಮ್ಮ ಕೊಡಗು ಜಿಲ್ಲೆ ಹೊರಗಿನ ಒಂದು ಆಸ್ಪತ್ರೆಯ ಮನೋರೋಗದ ಕ್ಲೋಸ್ಡ್ ವಾರ್ಡಲ್ಲಿ ಒಂಬತ್ತು ವರ್ಷ ಸ್ಟಾಫ್ ನರ್ಸ್ ಆಗಿದ್ದವನು. ಕ್ಲೋಸ್ಡ್ ವಾರ್ಡ್ ಅಂದ್ರೆ ಬಾಗಿಲಿಗೆ ಬೀಗ, ಬೀಗದ ಕೈ ನಮ್ಮ ಜೇಬಲ್ಲಿ. ಒಳಗಿರೋರು ಒಂದು ಬೀಡಿಗೂ, ಒಂದು ಲೋಟ ಬಿಸಿನೀರಿಗೂ ನಮ್ಮನ್ನೇ ಕೇಳ್ಬೇಕು.

ಒಂದು ಮಾರ್ಚ್ ತಿಂಗಳು. ಶನಿವಾರಸಂತೆ ಕಡೆಯವರೊಬ್ರು ಅಡ್ಮಿಟ್ ಆಗಿದ್ರು, ಎರಡೆಕರೆ ರೋಬಸ್ಟಾ ಕಾಫಿ ತೋಟ. ಬೆಳಿಗ್ಗೆಯಿಂದ ಕೌಂಟರ್ ಹತ್ರ ಬಂದು "ಬ್ರದರ್, ಮನೆಗೆ ಒಂದು ಫೋನ್ ಮಾಡಿ ಕೊಡಿ, ಹೂಮಳೆ ಬಂತಾ ಕೇಳ್ಬೇಕು" ಅಂತಿದ್ರು. ನಾನು ಕೇಸ್ ಶೀಟ್ ಬರೀತಾ ತಲೆ ಎತ್ತದೆ "ಆಮೇಲೆ" ಅಂದೆ. ಮತ್ತೆ ಬಂದ್ರು, ಮತ್ತೆ ಆಮೇಲೆ. 'ಮಳೆ ಬಗ್ಗೆ ಒಂದೇ ಮಾತು ಪದೇ ಪದೇ' ಅಂತ ಅದನ್ನೂ ರೋಗಲಕ್ಷಣದ ಥರ ಫೈಲಲ್ಲಿ ಬರೆದಿಟ್ಟೆ, ನಾನೇ ಕೊಡಗಿನವನಾಗಿ! ಮೊಗ್ಗು ಕಟ್ಟಿ ನಿಂತ ಕಾಫಿ ಗಿಡಕ್ಕೆ ಹೊತ್ತಿಗೆ ಸರಿಯಾಗಿ ಹೂ ಅರಳಿಸೋ ಈ ಮಳೆ ಬೀಳದಿದ್ರೆ, ಸ್ಪ್ರಿಂಕ್ಲರ್ ಇಲ್ಲದೋರ ವರ್ಷದ ಫಸಲು ಏನಾಗುತ್ತೆ ಅಂತ ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ. ಐದನೇ ಸಲ ಬಂದವರು ಊಟದ ಸ್ಟೀಲ್ ತಟ್ಟೆ ಎತ್ತಿ ಕೌಂಟರ್ ಗಾಜಿಗೆ ಹೊಡೆದ್ರು. ನಾಲ್ಕು ಜನ ಸೇರಿ ಹಿಡಿದ್ವಿ, ಇಂಜೆಕ್ಷನ್ ಹಾಕಿ ಮಂಚಕ್ಕೆ ಕಟ್ಟಿದ್ವಿ. ರಾತ್ರಿ ಬಿಚ್ಚಿದಾಗ ಎರಡೂ ಮಣಿಕಟ್ಟಲ್ಲಿ ಕೆಂಪು ಗೆರೆ ಎದ್ದಿತ್ತು, ಅದನ್ನ ತಿಕ್ಕೊಂಡು ಗೋಡೆ ಕಡೆ ತಿರುಗಿ ಕೂತ್ರು, ನನ್ನ ಮುಖ ನೋಡ್ಲಿಲ್ಲ. ರಿಪೋರ್ಟಲ್ಲಿ ನಾನು ಬರೆದಿದ್ದು 'ಕಾರಣವಿಲ್ಲದೆ ಗಲಾಟೆ'.

ಮಾರನೇ ದಿನ ನಮ್ಮ ಸೀನಿಯರ್ ಸಿಸ್ಟರ್ ಅವರ ಪಕ್ಕ ಸ್ಟೂಲ್ ಎಳ್ಕೊಂಡು ಕೂತು "ಈಗ ಡಾಕ್ಟ್ರ ರೌಂಡ್ಸ್ ಇದೆ ಗೌಡ್ರೇ, ನಾಲ್ಕು ಗಂಟೆಗೆ ನಾನೇ ಫೋನ್ ಮಾಡಿ ಕೊಡ್ತೀನಿ" ಅಂದ್ರು. ಅವರು ಹೇಳಿದ್ದೂ 'ಈಗ ಆಗಲ್ಲ' ಅಂತಲೇ, ಆದ್ರೆ ಯಾಕೆ ಆಗಲ್ಲ, ಯಾವಾಗ ಆಗುತ್ತೆ ಎರಡೂ ಹೇಳಿದ್ರು. ನಾಲ್ಕಕ್ಕೆ ಸರಿಯಾಗಿ ಫೋನ್ ಕೊಟ್ರು. ಆ ಕಡೆಯಿಂದ ಹೆಂಡ್ತಿ "ತೊಂಬತ್ತು ಸೆಂಟ್ಸ್ ಬಂತು" ಅಂದಿದ್ದು ನಂಗೂ ಕೇಳಿಸ್ತು (ನಮ್ಮ ಕಡೆ ಮಳೆ ಅಳತೆ, ನೂರು ಸೆಂಟ್ಸ್ ಅಂದ್ರೆ ಒಂದಿಂಚು). ಡಿಸ್ಚಾರ್ಜ್ ಆಗೋ ತನಕ ಆ ಮನುಷ್ಯ ಒಂದು ಸಲಾನೂ ಕೈ ಎತ್ತಲಿಲ್ಲ.

ಲಂಡನ್ನಿನ ಕಿಂಗ್ಸ್ ಕಾಲೇಜಲ್ಲಿ ಲೆನ್ ಬೋವರ್ಸ್ ಅಂತ, ಮನೋರೋಗ ನರ್ಸಿಂಗ್ ಪ್ರೊಫೆಸರ್ ಆಗಿದ್ದವರು, ವಾರ್ಡಲ್ಲಿ ಗಲಾಟೆ ಕಮ್ಮಿ ಮಾಡೋಕೆ 'ಸೇಫ್‌ವಾರ್ಡ್ಸ್' ಅನ್ನೋ ಪದ್ಧತಿ ಮಾಡಿದ್ರು. 15 ಆಸ್ಪತ್ರೆಗಳ 31 ವಾರ್ಡಲ್ಲಿ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದ್ರು. ಮೆತ್ತಗೆ ಮಾತಾಡೋದು, ಕೆಟ್ಟ ಸುದ್ದಿ ಬಂದವರ ಜೊತೆ ಸ್ವಲ್ಪ ಹೊತ್ತು ಕೂರೋದು, ಡ್ಯೂಟಿ ಬದಲಾಗೋವಾಗಿನ ಹ್ಯಾಂಡೋವರಲ್ಲಿ ಪ್ರತಿ ರೋಗಿ ಬಗ್ಗೆ ಒಂದಾದ್ರೂ ಒಳ್ಳೆ ಮಾತು ಹೇಳೋದು, ಇಂಥ ಹತ್ತು ಕೆಲಸ. ಗಲಾಟೆ ಶೇ 15ರಷ್ಟು ಕಮ್ಮಿ ಆಯ್ತು, ಹಿಡಿಯೋದು ಕೂಡಿ ಹಾಕೋದು ಬಲವಂತದ ಔಷಧಿ ಇಂಥವೆಲ್ಲ ಸೇರಿ ಶೇ 26ರಷ್ಟು. ಅದನ್ನ ಓದಿದ ದಿನ ನಮ್ಮ ಸಿಸ್ಟರ್ ಸ್ಟೂಲೇ ಕಣ್ಮುಂದೆ ಬಂತು.

ಎಲ್ಲ ತಪ್ಪೂ ಸ್ಟಾಫಿಂದೇ ಅಂತ ಹೇಳ್ತಿಲ್ಲ. ನನ್ನ ಜೊತೆಗಾರನ ಬೆರಳು ಮುರಿದಿದ್ದನ್ನ ಎದುರಲ್ಲೇ ನೋಡಿದೀನಿ. ಕಿವಿಯಲ್ಲಿ 'ಇವನು ನಿನ್ನ ಕೊಲ್ತಾನೆ' ಅಂತ ಧ್ವನಿ ಕೇಳ್ತಿರೋನಿಗೆ ನಾವು ಹತ್ರ ಹೋದ್ರೂ ಭಯ. ಕುಡಿತ ದಿಢೀರ್ ಅಂತ ನಿಂತು ಎರಡು ಮೂರು ದಿನಕ್ಕೆ ಕೈ ನಡುಗಿ ಇಲ್ಲದ್ದೆಲ್ಲ ಕಾಣ್ಸೋಕೆ ಶುರುವಾಗೋರು ನಮ್ಮ ಜಿಲ್ಲೆಯಿಂದಲೂ ಬರ್ತಿದ್ರು, ಅದು ಪ್ರಾಣಕ್ಕೇ ಅಪಾಯ, ಅದಕ್ಕೆ ಔಷಧಿನೇ ಬೇಕು. ಕೆಲವು ಔಷಧಿಯಿಂದಲೇ ಕೂತಲ್ಲಿ ಕೂರೋಕಾಗದಂಥ ಚಡಪಡಿಕೆ ಬರುತ್ತೆ, ನೋಡೋರಿಗೆ ಅದೇ ಸಿಟ್ಟಿನ ಥರ ಕಾಣುತ್ತೆ, ಡೋಸ್ ಜಾಸ್ತಿ ಮಾಡಿದ್ರೆ ಇನ್ನೂ ಹಾಳು.

2001ರ ಆಗಸ್ಟ್ 6ಕ್ಕೆ ತಮಿಳುನಾಡಿನ ಎರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನ ಇಟ್ಕೊಂಡಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ರಿಂದ ಓಡೋಕಾಗದೆ 28 ಜನ ಸತ್ರು. ಈಗ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಸರಪಳಿ ಹಾಕೋ ಹಾಗೇ ಇಲ್ಲ, ಒಂಟಿಯಾಗಿ ಕೂಡಿ ಹಾಕೋ ಹಾಗಿಲ್ಲ. ಬೇರೆ ದಾರಿನೇ ಇಲ್ಲದಾಗ ಮಾತ್ರ ಸ್ವಲ್ಪ ಹೊತ್ತು ಹಿಡಿದು ಕಟ್ಟಬಹುದು, ಅದಕ್ಕೂ ಮನೋವೈದ್ಯರ ಒಪ್ಪಿಗೆ ಬೇಕು, ಶಿಕ್ಷೆಗೆ ಅಂತ ಕಟ್ಟೋ ಹಾಗಿಲ್ಲ. ಸ್ಟಾಫ್ ಕಮ್ಮಿ ಅನ್ನೋ ಕಾರಣಕ್ಕೂ ಕಟ್ಟೋ ಹಾಗಿಲ್ಲ ಅಂತ ಬರೆದೇ ಇದೆ. ನೈಟ್ ಡ್ಯೂಟಿಲಿ ಮೂವತ್ತು ಚಿಲ್ಲರೆ ಜನಕ್ಕೆ ಇಬ್ರೇ ಇದ್ದ ನಾವು ಎಷ್ಟೋ ಸಲ ಅದೇ ಕಾರಣಕ್ಕೆ ಕಟ್ಟಿದೀವಿ. ಆ ಲೆಕ್ಕ ನನ್ನ ತಲೆಯಿಂದ ಹೋಗಲ್ಲ.

ಮನೆಯವರ ಹತ್ರ ಒಂದು ಕೇಳ್ಕೋತೀನಿ. "ಧರ್ಮಸ್ಥಳಕ್ಕೆ ಹೋಗಿ ಬರೋಣ ಬಾ" ಅಂತ ಸುಳ್ಳು ಹೇಳಿ ಕಾರ್ ಹತ್ತಿಸಿ ಆಸ್ಪತ್ರೆ ಬಾಗಿಲಲ್ಲಿ ಇಳಿಸ್ಬೇಡಿ, ಮೊದಲ ದಿನದ ಸಿಟ್ಟೆಲ್ಲ ಆ ಸುಳ್ಳಿನದೇ. ಬಿಟ್ಟು ಬರೋವಾಗ ಡ್ಯೂಟಿಲಿರೋರ ಕೈಗೆ ಒಂದು ಚೀಟಿ ಬರೆದು ಕೊಡಿ. ಮನೇಲಿ ಏನಂತ ಕರೀತೀರಾ, ಸಕ್ಕರೆ ಕಾಫಿನಾ ಬೆಲ್ಲದ ಕಾಫಿನಾ, ಕುಡಿತದ ಅಭ್ಯಾಸ ಇದ್ರೆ ಕೊನೇ ಸಲ ಕುಡಿದಿದ್ದು ಯಾವತ್ತು, ಯಾವ ಮಾತಿಗೆ ಸಿಟ್ಟು ಬರುತ್ತೆ, ಯಾರ ಮಾತು ಕೇಳ್ತಾರೆ. ನಡುರಾತ್ರಿ ಯಾರನ್ನ ಕೇಳೋದು ಅಂತ ಗೊತ್ತಾಗ್ದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಆ ಜೀಪಿನ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿದ್ರೆ ದಯವಿಟ್ಟು ಡಿಲೀಟ್ ಮಾಡಿ, ಆ ಮನುಷ್ಯನ ಮುಖ ಸ್ಪಷ್ಟವಾಗಿ ಕಾಣ್ತಿದೆ.