ತಪ್ಪೊಪ್ಪಿಗೆಗೆ ಕಾದು ಕೂತಿರುವ ನಮ್ಮ ರಿಮೇನ್ ಗೆಳೆಯರಿಗೆ

2016ರ ಬ್ರೆಕ್ಸಿಟ್ ಮತದಾನ ನಡೆದ ಜೂನ್ 23 ಹತ್ತಿರ ಬಂತು ಅಂದರೆ ಇಲ್ಲಿ ಬ್ರಿಟನ್ನಿನ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಾರ್ಷಿಕ ಪೂಜೆ ತಪ್ಪದೆ ನಡೆಯುತ್ತದೆ. ಬ್ರೆಕ್ಸಿಟ್ ತಪ್ಪು ಅನ್ನುವವರೇ ಈಗ ಹೆಚ್ಚು ಅಂತ ತೋರಿಸುವ ಯೂಗವ್ ಸಮೀಕ್ಷೆಯ ಗ್ರಾಫನ್ನು ಯಾರೋ ಒಬ್ಬರು ಹಾಕುತ್ತಾರೆ. ಕೆಳಗೆ ಒಂದೇ ಸಾಲು: "ಈಗೇನಂತೀರಿ ಸಾರ್?" ಆ ಸಾರ್ ಯಾರು ಅಂತ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. 2016ರಲ್ಲಿ ಲೀವ್‌ಗೆ, ಅಂದರೆ ಯುರೋಪ್ ಒಕ್ಕೂಟ ಬಿಡೋಣ ಅನ್ನುವುದಕ್ಕೆ, ಹಾಕಿದೆ ಅಂತ ಬಾಯಿಬಿಟ್ಟು ಹೇಳಿದ್ದಕ್ಕೆ ಆ ಮನುಷ್ಯ ಇವತ್ತಿಗೂ ಬಡ್ಡಿ ಕಟ್ಟುತ್ತಿದ್ದಾರೆ. ಈ ಸಲವೂ ಒಂದು ಥಂಬ್ಸ್‌ಅಪ್ ಒತ್ತಿ ಸುಮ್ಮನಾದರು. ಗ್ರಾಫ್ ಹಾಕಿದವರಿಗೆ ಮಾತ್ರ ಸ್ವರ್ಗಕ್ಕೆ ಮೂರೇ ಗೇಣು.

ನಾನು ರಿಮೇನ್, ಅಂದರೆ ಒಕ್ಕೂಟದಲ್ಲೇ ಇರೋಣ ಅಂದ ಕಡೆಯವನು ಅಂತ ನಿಮಗೆಲ್ಲ ಗೊತ್ತಿದೆ. ಗೊತ್ತಿದ್ದೂ ಕೇಳಿ, ಈ ವಿಷಯದಲ್ಲಿ ನನಗೆ ಸಿಟ್ಟು ಬರುವುದು ನಮ್ಮ ಕಡೆಯವರ ಮೇಲೆಯೇ. ಮುರಿದ ಸ್ನೇಹ ಮತ್ತೆ ಕೂಡಬೇಕಾದರೆ ಮೊದಲು ಲೀವ್‌ಗೆ ಹಾಕಿದ ಗೆಳೆಯ "ತಪ್ಪಾಯ್ತು" ಅನ್ನಬೇಕಂತೆ. ಯಾಕೆ ಅನ್ನಬೇಕು? ಅಂದರೆ ಏನಾಗುತ್ತದೆ? ನೀವು ಹಾಕಿದ ಆ ಗ್ರಾಫನ್ನಾದರೂ ನೆಟ್ಟಗೆ ಓದಿದ್ದೀರಾ?

ಓದೋಣ ಬನ್ನಿ. 2016ರಲ್ಲಿ ಲೀವ್‌ಗೆ ಶೇ 51.9, ರಿಮೇನ್‌ಗೆ ಶೇ 48.1. ಮತದ ಲೆಕ್ಕದಲ್ಲಿ 1.74 ಕೋಟಿ ಮತ್ತು 1.61 ಕೋಟಿ. 2025ರ ಜನವರಿಯಲ್ಲಿ ಯೂಗವ್ ಕೇಳಿದಾಗ ಹೊರಬಂದದ್ದು ತಪ್ಪು ಅಂದವರು ಶೇ 55, ಸರಿ ಅಂದವರು ಶೇ 30. ಇದನ್ನು ನೋಡಿದ ತಕ್ಷಣ ನಮ್ಮವರಿಗೆ ಕಾಣುವುದು ತಲೆ ತಗ್ಗಿಸಿ ನಿಂತ ಲಕ್ಷಾಂತರ ಲೀವ್ ಮತದಾರರು. ಅಲ್ಲಿ ಹಾಗೇನೂ ಇಲ್ಲ. ಅವತ್ತು ಲೀವ್‌ಗೆ ಹಾಕಿದವರನ್ನೇ ಬೇರೆ ಮಾಡಿ ಕೇಳಿದರೆ ತಪ್ಪಾಯ್ತು ಅನ್ನುವವರು ಐವರಲ್ಲಿ ಒಬ್ಬರಷ್ಟೇ. ಹಾಗಾದರೆ ಗೆರೆ ಇಷ್ಟು ಸರಿದದ್ದು ಹೇಗೆ? 65 ದಾಟಿದವರಲ್ಲಿ ಶೇ 60ಕ್ಕೂ ಹೆಚ್ಚು ಜನ ಲೀವ್‌ಗೆ ಹಾಕಿದ್ದರು; ಅವರಲ್ಲಿ ಬಹಳಷ್ಟು ಜನ ಈಗ ಇಲ್ಲ. ಅವತ್ತು 15 ವರ್ಷದವರಾಗಿದ್ದು ವೋಟಿಲ್ಲದೆ ಕೂತಿದ್ದ ಮಕ್ಕಳು ಈಗ ಸಮೀಕ್ಷೆಯಲ್ಲಿ ಉತ್ತರ ಕೊಡುತ್ತಾರೆ, ಅವರಲ್ಲಿ ದೊಡ್ಡ ಬಹುಮತ ಇದು ತಪ್ಪು ಅನ್ನುತ್ತದೆ. ಅವತ್ತು ಮತಗಟ್ಟೆಗೇ ಹೋಗದ ಶೇ 28 ಜನರೂ ಈಗ ಅಭಿಪ್ರಾಯ ಹೇಳುತ್ತಾರೆ. ಗ್ರಾಫ್ ಬದಲಾದದ್ದರಲ್ಲಿ ದೊಡ್ಡ ಪಾಲು ಇವರದ್ದು. ನಿಮ್ಮ ಗೆಳೆಯ ಇದ್ದಲ್ಲೇ ಇದ್ದಾನೆ. ಅವನ ಪರವಾಗಿ ಸಮೀಕ್ಷೆಯವರು ಕ್ಷಮೆ ಕೇಳಿದ್ದಾರೆ ಅಂತ ನೀವೇ ಅಂದುಕೊಂಡಿದ್ದೀರಿ.

ಇನ್ನೊಂದು. ಪಶ್ಚಾತ್ತಾಪ ಅಂತ ಒಂದೇ ಹೆಸರಿಟ್ಟುಬಿಟ್ಟಿದ್ದೀರಲ್ಲ, ಅದು ಒಂದೇ ಬಗೆಯದ್ದಲ್ಲ. ಅವತ್ತಿನ ಮತಪತ್ರದಲ್ಲಿ ಇದ್ದದ್ದು ಒಂದು ಪ್ರಶ್ನೆ, ಎರಡು ಚೌಕ. ಒಕ್ಕೂಟದಲ್ಲಿ ಇರಬೇಕೋ, ಬಿಡಬೇಕೋ. ಬಿಟ್ಟ ಮೇಲೆ ನಾರ್ವೆಯ ಹಾಗೆ ಯುರೋಪಿನ ಏಕ ಮಾರುಕಟ್ಟೆಯೊಳಗೆ ಇರುವುದೋ, ಕೆನಡಾದ ಹಾಗೆ ಹೊರಗಿನಿಂದ ಒಪ್ಪಂದ ಮಾಡಿಕೊಳ್ಳುವುದೋ, ಏನೂ ಇಲ್ಲದೆ ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ನಿಯಮಕ್ಕೆ ಬೀಳುವುದೋ, ಒಂದಕ್ಷರ ಇರಲಿಲ್ಲ. ಹಾಗಾಗಿ 1.74 ಕೋಟಿ ಜನ ಬೇರೆ ಬೇರೆ ಸಾಮಾನಿಗೆ ದುಡ್ಡು ಕೊಟ್ಟರು, ಕೊನೆಗೆ 2020ರ ಡಿಸೆಂಬರ್ 24ರಂದು ಒಕ್ಕೂಟದ ಜೊತೆಗಿನ ಒಪ್ಪಂದ ಅಂತ ಎಲ್ಲರಿಗೂ ಒಂದೇ ಪೊಟ್ಟಣ ಬಂತು.

ಮೀನುಗಾರರನ್ನೇ ತೆಗೆದುಕೊಳ್ಳಿ. ನಮ್ಮ ಕಡಲು ನಮಗೆ ಅಂತ ಲೀವ್‌ಗೆ ಹಾಕಿದವರು. ಸಿಕ್ಕಿದ್ದು, ಯುರೋಪಿನ ದೋಣಿಗಳ ಪಾಲಿನಲ್ಲಿ ಕಾಲು ಭಾಗ, ಅದೂ ಐದೂವರೆ ವರ್ಷದಲ್ಲಿ ಕಂತು ಕಂತಾಗಿ. ಕಳೆದುಕೊಂಡದ್ದು ಹೇಗೆ ಅಂತ ಕೇಳಿ: ಅಷ್ಟೇನೂ ಶುದ್ಧವಲ್ಲದ 'ಬಿ' ದರ್ಜೆಯ ನೀರಿನಿಂದ ತೆಗೆದ ಜೀವಂತ ಚಿಪ್ಪುಮೀನನ್ನು ಮೊದಲು ಹಾಗೇ ಲಾರಿಗೆ ಹಾಕಿ ಫ್ರಾನ್ಸಿಗೋ ಸ್ಪೇನಿಗೋ ಕಳಿಸಿ ಅಲ್ಲೇ ಶುದ್ಧಿ ಮಾಡಿಸಬಹುದಿತ್ತು, ಹೊರಗಿನ ದೇಶವಾದ ಮೇಲೆ ಅದಕ್ಕೆ ಅನುಮತಿ ಇಲ್ಲ. ಉಳಿದ ಮೀನು, ಮಾಂಸ, ಚೀಸ್‌ಗೆ ಆರೋಗ್ಯ ಪ್ರಮಾಣಪತ್ರ ಬೇಕು, ಅದಕ್ಕೆ ಅಧಿಕೃತ ಅಧಿಕಾರಿಯ ಸಹಿ ಬೇಕು. ಸಣ್ಣ ವ್ಯಾಪಾರಿ ಇಡೀ ಲಾರಿ ತುಂಬಿಸಲಾರ, ಹತ್ತು ಜನರ ಸರಕಿನ ಜೊತೆ ತನ್ನ ಎರಡು ಪೆಟ್ಟಿಗೆ ಇಡುತ್ತಾನೆ. ಹತ್ತರಲ್ಲಿ ಒಬ್ಬನ ಕಾಗದದಲ್ಲಿ ಒಂದು ಕೋಡ್ ತಪ್ಪಿದರೂ ಇಡೀ ಲಾರಿ ನಿಲ್ಲುತ್ತದೆ, ಮೀನು ಕೊಳೆಯುತ್ತದೆ. 2021ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಚಿಪ್ಪುಮೀನು ವ್ಯಾಪಾರಿಗಳು ಲಾರಿಗಳನ್ನು ಪ್ರಧಾನಿ ಮನೆ ಹತ್ತಿರಕ್ಕೇ ತಂದು ನಿಲ್ಲಿಸಿದ್ದು ಇದಕ್ಕೇ. ಈಗ ನೋಡಿದರೆ ಯುರೋಪಿನ ದೋಣಿಗಳಿಗೆ ಪ್ರವೇಶ 2038ರವರೆಗೆ ಮುಂದುವರಿದಿದೆ. ಇಂಥ ಮೀನುಗಾರನ ಹತ್ತಿರ ಹೋಗಿ "ತಪ್ಪಾಯ್ತು ಅನ್ನು" ಅಂದರೆ ಅವನು ಏನಂತಾನೆ? "ನನ್ನದೇನು ತಪ್ಪು, ಮಾರಿಕೊಂಡವರು ಅವರು" ಅಂತಾನೆ. ಅದು ಪಶ್ಚಾತ್ತಾಪವಲ್ಲ, ದ್ರೋಹ ಆಯಿತು ಅನ್ನುವ ಸಿಟ್ಟು. ಪಶ್ಚಾತ್ತಾಪ, ಸಿಟ್ಟು ಎರಡನ್ನೂ ಒಂದೇ ಚೀಲಕ್ಕೆ ತುಂಬಿದವರು ನೀವು.

ವಲಸೆ ಕಡಿಮೆಯಾಗಲಿ ಅಂತ ಹಾಕಿದವನ ಕಥೆ ಇದಕ್ಕೆ ತಿರುಗುಮುರುಗು. ನಿವ್ವಳ ವಲಸೆ 2023ರಲ್ಲಿ ವರ್ಷಕ್ಕೆ 9 ಲಕ್ಷ ದಾಟಿತು. ಅವನಿಗೂ ಬ್ರೆಕ್ಸಿಟ್ ಸೋತಂತೆಯೇ ಕಾಣುತ್ತದೆ, ಆದರೆ ಅವನು ನಿಮ್ಮ ಕಡೆ ಬರುವುದಿಲ್ಲ, ಬ್ರೆಕ್ಸಿಟ್ಟಿಗೂ ವಲಸೆ ಕಡಿತಕ್ಕೂ ಹೋರಾಡಿದ ನೈಜೆಲ್ ಫರಾಜ್ ಕಡೆ ಹೋಗುತ್ತಾನೆ. ನೀವು ಎತ್ತು ಏರಿಗೆ ಎಳೆದರೆ ಅವನು ಕೋಣ ನೀರಿಗೆ.

ಈಗ ನಮ್ಮವರ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಈ ಗ್ರಾಫ್ ರಾಜಕೀಯದಲ್ಲಿ ಅತಿ ಹೆಚ್ಚು ಅನ್ಯಾಯ ಆಗುತ್ತಿರುವುದು ನಮ್ಮ ಲೀವ್ ಕನ್ನಡಿಗರಿಗೆ. ಊರಲ್ಲಿರುವ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ: ಅವತ್ತು ವೋಟು ಹಾಕಲು ಬ್ರಿಟಿಷ್ ಪಾಸ್‌ಪೋರ್ಟೇ ಬೇಕೆಂದಿರಲಿಲ್ಲ. ಕಾಮನ್‌ವೆಲ್ತ್ ದೇಶದ ಪ್ರಜೆ ಇಲ್ಲಿ ಕಾನೂನುಬದ್ಧವಾಗಿ ವಾಸವಿದ್ದು ಪಟ್ಟಿಯಲ್ಲಿ ಹೆಸರಿದ್ದರೆ ಸಾಕಿತ್ತು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಕಂಪನಿ ಕಳಿಸಿದ ವೀಸಾದಲ್ಲಿ ಬಂದ ಇಂಜಿನಿಯರಿಗೂ, ಆಗಷ್ಟೇ ಬಂದಿಳಿದ ಅವನ ಹೆಂಡತಿಗೂ ವೋಟಿತ್ತು. ಪಕ್ಕದ ಮನೆಯಲ್ಲಿ ಹತ್ತು ವರ್ಷದಿಂದ ತೆರಿಗೆ ಕಟ್ಟುತ್ತಿದ್ದ ಪೋಲೆಂಡಿನವನಿಗೆ ಇರಲಿಲ್ಲ. ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಬಿಟ್ಟರೆ ಯುರೋಪಿನ ಬೇರೆ ಯಾವ ದೇಶದವರಿಗೂ ಇರಲಿಲ್ಲ. ನಾವು ಅತಿಥಿಗಳು, ಮನೆಯವರ ಭವಿಷ್ಯಕ್ಕೆ ಕೈ ಎತ್ತಿದೆವು. ಇದರ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ, ರಿಮೇನ್‌ನವರೂ ಸೇರಿ.

ಏಷ್ಯನ್ ಮತದಾರರಲ್ಲಿ ಮೂರರಲ್ಲಿ ಎರಡು ಪಾಲು ರಿಮೇನ್, ಒಂದು ಪಾಲು ಲೀವ್. ಲಂಡನ್ ಪಕ್ಕದ, ನಮ್ಮವರು ತುಂಬಿರುವ ಸ್ಲೌ ಊರು ಶೇ 54 ಲೀವ್. ಆ ಒಂದು ಪಾಲಿನ ವಾದ ಏನಿತ್ತು? "ನಾವು ಸಂಬಳದ ಮಿತಿ ದಾಟಬೇಕು, ಇಂಗ್ಲಿಷ್ ಪರೀಕ್ಷೆ ಬರೆಯಬೇಕು, ವೀಸಾ ದುಡ್ಡು ಸುರಿಯಬೇಕು. ರೊಮೇನಿಯಾದವನು ಬಸ್ ಹತ್ತಿ ಬಂದರೆ ಸಾಕು. ಎಲ್ಲರಿಗೂ ಒಂದೇ ಸಾಲು ಇರಲಿ." ಇದನ್ನು ಜನಾಂಗದ್ವೇಷ ಅಂತ ಕರೆದವರಿದ್ದಾರೆ. ನನಗದು ವೀಸಾ ಕಚೇರಿಯಲ್ಲಿ ಅಲೆದು ಸುಸ್ತಾದವನ ಹೊಟ್ಟೆಯುರಿಯಾಗಿ ಕಾಣುತ್ತದೆ. ಲೀವ್ ಪರ ಇದ್ದ ಸಚಿವೆ ಪ್ರೀತಿ ಪಟೇಲ್ ಅದನ್ನೇ ಹಿಡಿದು ಕರಿ ಹೋಟೆಲುಗಳನ್ನು ಉಳಿಸಿ ಅಂತ ಪ್ರಚಾರ ಮಾಡಿದರು. ಹೊರಬಂದರೆ ದಕ್ಷಿಣ ಏಷ್ಯಾದ ಬಾಣಸಿಗರಿಗೆ ದಾರಿ ಸುಲಭವಾಗುತ್ತದೆ ಅನ್ನುವ ಆಸೆ ತೋರಿಸಿದರು.

ಆದದ್ದೇನು? 2021ರ ಜನವರಿ 1ರಿಂದ ನಿಜಕ್ಕೂ ಒಂದೇ ಸಾಲಾಯಿತು. ಅದೇ ವರ್ಷದ ಜುಲೈನಲ್ಲಿ ಓದು ಮುಗಿಸಿದವರಿಗೆ ಎರಡು ವರ್ಷ ಕೆಲಸ ಹುಡುಕಲು ಅವಕಾಶ ಮತ್ತೆ ಬಂತು. ಬೆಂಗಳೂರು, ಮೈಸೂರಿನಿಂದ ಬಂದ ಎಷ್ಟೋ ಹುಡುಗರು ಅದರ ಮೇಲೇ ಇಲ್ಲಿ ನಿಂತಿದ್ದಾರೆ. ಹಾಗಾಗಿ ಲೀವ್ ಕನ್ನಡಿಗ ಪೂರ್ತಿ ಸೋತಿಲ್ಲ, ಇದನ್ನು ಒಪ್ಪಿಕೊಳ್ಳಲು ನಮ್ಮವರಿಗೆ ಗಂಟಲು ಕಟ್ಟುತ್ತದೆ. ಆಮೇಲೆ ಬಾಗಿಲು ಕಿರಿದಾಯಿತು ಅನ್ನುವುದೂ ನಿಜ. ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ಸಂಬಳ ಮಿತಿ 25,600 ಪೌಂಡಿನಿಂದ ಶುರುವಾಗಿ 2024ರ ಏಪ್ರಿಲ್‌ನಲ್ಲಿ 38,700, 2025ರ ಜುಲೈನಲ್ಲಿ 41,700. ಅದೇ ಜುಲೈಯಿಂದ ಕೆಲಸ ಪದವಿ ಮಟ್ಟದ್ದಾಗಿರಬೇಕು, ವಿನಾಯಿತಿ ಇರುವ ಕೆಲವನ್ನು ಬಿಟ್ಟರೆ. ತಂದೂರಿ ಒಲೆ ಮುಂದೆ ನಿಲ್ಲುವವನಿಗೆ ಆ ದಾರಿ ಮುಚ್ಚಿತು. ವೀಸಾ ಜೊತೆ ಕಟ್ಟಬೇಕಾದ ಆರೋಗ್ಯ ಸರ್‌ಚಾರ್ಜ್ ದೊಡ್ಡವರಿಗೆ ವರ್ಷಕ್ಕೆ 1,035, ಮಕ್ಕಳಿಗೆ 776 ಪೌಂಡ್. ಗಂಡ, ಹೆಂಡತಿ, ಇಬ್ಬರು ಮಕ್ಕಳು ಐದು ವರ್ಷಕ್ಕೆ ಅಂದರೆ 18,110 ಪೌಂಡ್, ವೀಸಾ ಶುಲ್ಕ ಬೇರೆ. ಸಮಾನತೆ ಬಂತು, ರೊಮೇನಿಯಾದವನೂ ಈಗ ಇಷ್ಟೇ ಕಟ್ಟುತ್ತಾನೆ.

ಇಂಥ ಲೆಕ್ಕ ಹಿಡಿದು ಕೂತವನಿಗೆ "ಈಗೇನಂತೀರಿ" ಅಂದರೆ ಅವನು ಯಾವ ಸಾಲಿಗೆ ಉತ್ತರ ಕೊಡಬೇಕು?

ಲೆಕ್ಕ ಅಂದಮೇಲೆ ನಮ್ಮದೂ ಇದೆ. 2016ರ ಮೇ ತಿಂಗಳಲ್ಲಿ ಬ್ರಿಟನ್ ಖಜಾನೆ ಇಲಾಖೆ ಒಂದು ವರದಿ ಹೊರಡಿಸಿತು. ಲೀವ್ ಗೆದ್ದರೆ ತಕ್ಷಣ ಒಂದು ವರ್ಷದ ಆರ್ಥಿಕ ಹಿಂಜರಿತ, 5 ಲಕ್ಷ ಜನರ ಕೆಲಸ ಹೋಗುತ್ತದೆ ಅಂತ. ಹಿಂಜರಿತ ಬರಲಿಲ್ಲ, ನಿರುದ್ಯೋಗ ಇಳಿಯಿತು. ಆಮೇಲೆ ಬಜೆಟ್ ಮಂಡಳಿ ಓಬಿಆರ್ ಅಂದಾಜು ಮಾಡಿದ್ದು, ದೀರ್ಘಾವಧಿಯಲ್ಲಿ ಉತ್ಪಾದಕತೆ ಶೇ 4 ಕಡಿಮೆ ಅಂತ. ತಕ್ಷಣ ಬೀಳುತ್ತದೆ ಅಂದದ್ದು ಸುಳ್ಳಾಯಿತು, ನಿಧಾನಕ್ಕೆ ಸೊರಗುತ್ತದೆ ಅಂದದ್ದು ನಿಜವಾಗುತ್ತಿದೆ. ಸೊರಗುವುದು ಕಣ್ಣಿಗೆ ಕಾಣುವುದಿಲ್ಲ. ನಡುವೆ ಕೋವಿಡ್ ಬಂತು, ಉಕ್ರೇನ್ ಯುದ್ಧ ಬಂದು ಗ್ಯಾಸ್ ಬಿಲ್ ಏರಿತು. ಯಾವ ಪೌಂಡು ಯಾವ ಕಾರಣಕ್ಕೆ ಜೇಬಿನಿಂದ ಹೋಯಿತು ಅಂತ ಸಾಮಾನ್ಯ ಮನುಷ್ಯ ಬೇರೆ ಮಾಡಿ ನೋಡಲಾರ. ಆ ಮೊದಲ ಭವಿಷ್ಯವಾಣಿಗೆ ನಮ್ಮ ಕಡೆಯವರು ಯಾವತ್ತು ಕ್ಷಮೆ ಕೇಳಿದರು?

ಗೊತ್ತು, ಈಗ ಏನು ಬರುತ್ತದೆ ಅಂತ ಗೊತ್ತು. "ಇದು ಬರೀ ಆರ್ಥಿಕ ವಿಷಯ ಅಲ್ಲ, ಮೌಲ್ಯದ ಪ್ರಶ್ನೆ." ಇರಲಿ. ಮತದಾನಕ್ಕೆ ಒಂದು ವಾರ ಮೊದಲು ಸಂಸದೆ ಜೋ ಕಾಕ್ಸ್ ಕೊಲೆಯಾಯಿತು. ಆ ಜುಲೈನಲ್ಲಿ ಇಂಗ್ಲೆಂಡ್, ವೇಲ್ಸ್‌ನಲ್ಲಿ ದಾಖಲಾದ ಜನಾಂಗ, ಧರ್ಮ ದ್ವೇಷದ ಅಪರಾಧಗಳು ಹಿಂದಿನ ವರ್ಷದ ಜುಲೈಗಿಂತ ಶೇ 41 ಹೆಚ್ಚು. ಬೀದಿಯಲ್ಲಿ "ನಿಮ್ಮ ದೇಶಕ್ಕೆ ಹೋಗಿ" ಅಂದದ್ದನ್ನು ಕೇಳಿ ನಕ್ಕ ಗೆಳೆಯ ಇದ್ದರೆ ಅವನನ್ನು ಬಿಟ್ಟಿರಿ, ಸರಿಯಾಗಿಯೇ ಮಾಡಿದಿರಿ. 2021ರ ಜೂನ್ 30ರೊಳಗೆ ಅರ್ಜಿ ಹಾಕಿ ತಾವು ಇಲ್ಲೇ ಬಾಳಿದ್ದೇವೆ ಅಂತ ದಾಖಲೆ ಕೊಡಬೇಕಾಗಿ ಬಂದ ಯುರೋಪಿನವರ ಸಿಟ್ಟಿಗೂ ನಾನು ಎದುರಾಡುವುದಿಲ್ಲ. ಆದರೆ ಗ್ರಾಫ್ ಹಾಕುತ್ತಿರುವವರು ಅವರಲ್ಲವಲ್ಲ! ವಿಮಾನ ನಿಲ್ದಾಣದ ಸಾಲು ಉದ್ದವಾಗಿದ್ದು ಬಿಟ್ಟರೆ ಏನೂ ಕಳೆದುಕೊಳ್ಳದವರು. ಮೌಲ್ಯವಂತೆ.

ಸ್ನೇಹಗಳು ಕೆಟ್ಟದ್ದು ಆ ಒಂದು ವೋಟಿನಿಂದ ಅಂತಲೂ ನನಗೆ ಅನ್ನಿಸುವುದಿಲ್ಲ. ಕೆಡಿಸಿದ್ದು ಅದರ ನಂತರದ ಮೂರೂವರೆ ವರ್ಷ. 2019ರ ಜನವರಿಯಲ್ಲಿ ಆಗಿನ ಪ್ರಧಾನಿ ತೆರೇಸಾ ಮೇ ಅವರ ಒಪ್ಪಂದ ಸಂಸತ್ತಿನಲ್ಲಿ 432ಕ್ಕೆ 202 ಮತಗಳಿಂದ ಬಿತ್ತು. ಹೊರಡುವ ದಿನ ಮಾರ್ಚ್ 29 ಇದ್ದದ್ದು ಏಪ್ರಿಲ್ 12, ಆಮೇಲೆ ಅಕ್ಟೋಬರ್ 31, ಕೊನೆಗೆ 2020ರ ಜನವರಿ 31. ಪ್ರತಿ ಮುಂದೂಡಿಕೆಗೂ ಒಂದು ಹೊಸ ಜಗಳ. ಮರೆಯಲು ಬಿಡುವೇ ಸಿಗಲಿಲ್ಲ.

ಕೂಡಿಸಬೇಕು ಅಂತ ನಿಜವಾಗಿ ಇದ್ದರೆ ಗುಂಪಿನಲ್ಲಿ ಮಾಡಬೇಡಿ, ನೂರು ಜನರ ಎದುರು ಯಾರೂ ಸೋಲೊಪ್ಪುವುದಿಲ್ಲ. ಇಬ್ಬರೇ ಕೂರಿ, ಮೂರನೇ ಪೈಂಟಿಗೆ ಮೊದಲೇ ಮಾತು ಎತ್ತಿ. "ಯಾಕೆ ಹಾಗೆ ಹಾಕಿದೆ" ಅಂತ ಕೇಳಿದರೆ ಅವನು ವಕೀಲನಾಗುತ್ತಾನೆ. "ಏನು ಬದಲಾಗುತ್ತೆ ಅಂದ್ಕೊಂಡಿದ್ದೆ, ಯಾವುದು ಆಯ್ತು, ಯಾವುದು ಆಗಲಿಲ್ಲ" ಅಂತ ಕೇಳಿ. ಅದಕ್ಕೂ ಮೊದಲು ನಿಮ್ಮ ಸುಳ್ಳಾದ ಭವಿಷ್ಯ ಒಂದನ್ನು ಮೇಜಿನ ಮೇಲಿಡಿ. ಎಲ್ಲೋ ಒಂದು ಕಡೆ ಅವನು "ಹೀಗಾಗುತ್ತೆ ಅಂತ ಅಂದ್ಕೊಂಡಿರಲಿಲ್ಲ ಕಣೋ" ಅಂತಾನೆ. ಸಿಗುವುದು ಅಷ್ಟೇ. ಅದರ ಹಿಂದೆಯೇ "ನಾನು ಆಗಲೇ ಹೇಳಿದ್ದೆ" ಅಂದಿರೋ, ಕೆಲಸ ಕೆಟ್ಟಿತು.

ಅವನು ಕಾಲಿಗೆ ಬಿದ್ದರೂ ಬರುವುದೇನಿದೆ? ಮತ್ತೆ ಸೇರಬೇಕಾದರೆ ಒಕ್ಕೂಟದ ಒಡಂಬಡಿಕೆಯ 49ನೇ ವಿಧಿಯ ಪ್ರಕಾರ ಹೊಸ ಅರ್ಜಿ, 27 ದೇಶಗಳೂ ಒಪ್ಪಬೇಕು, 1984ರಲ್ಲಿ ಥ್ಯಾಚರ್ ಜಗ್ಗಾಡಿ ತಂದ ವಂತಿಗೆ ರಿಯಾಯಿತಿ ಮತ್ತೆ ಸಿಗುವ ಲಕ್ಷಣ ಇಲ್ಲ. ನಿಮ್ಮ ಗೆಳೆಯನ ಪಶ್ಚಾತ್ತಾಪ ಬ್ರಸೆಲ್ಸ್‌ನಲ್ಲಿ ಚಲಾವಣೆಯಾಗುವುದಿಲ್ಲ.

ಜಗಳಕ್ಕೆ ಬರುವವರು ಕಾಮೆಂಟಿಗೆ ಬನ್ನಿ, ಬೇಡ ಅನ್ನುವುದಿಲ್ಲ. ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತೇವೆ ಅಂತ ಲೀವ್ ಪ್ರಚಾರದವರು ಬರೆಸಿದ್ದ ಕೆಂಪು ಬಸ್ಸಿನ ಫೋಟೋ ಮಾತ್ರ ಹಾಕಬೇಡಿ, ಅದಕ್ಕೆ ಬಣ್ಣ ಬಳಿದದ್ದು ನಮ್ಮ ಗುಂಪಿನ ಸಾರ್ ಅಲ್ಲ. ಬರುವ ಮುಂಚೆ ಆ ಖಜಾನೆ ವರದಿಯ ದಿನ ನೀವೇ ಏನು ಹಂಚಿಕೊಂಡಿದ್ದಿರಿ ಅಂತ ಫೇಸ್‌ಬುಕ್ ಮೆಮೊರೀಸ್‌ನಲ್ಲಿ ಒಮ್ಮೆ ನೋಡಿಕೊಂಡು ಬನ್ನಿ. ಡಿಲೀಟ್ ಮಾಡಿದ್ದರೆ ಅದನ್ನೂ ಹೇಳಿ.