ತೊಗರಿ ಹೊಲದ ಮೇಲೆ ಸೌರ ಫಲಕ

ಸೌರ ವಿದ್ಯುತ್ತಿಗೆ ಜಮೀನು ಕೇಳುತ್ತಾ ಮಧ್ಯವರ್ತಿಗಳು ನಮ್ಮ ಕಡೆಯ ಊರುಗಳಿಗೆ ಬಂದಾಗ ಮೊದಲು ಎತ್ತುವ ಹೆಸರು ಪಾವಗಡ. ತುಮಕೂರು ಜಿಲ್ಲೆಯ ಆ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ನಿಂತಿದೆ. ಅಲ್ಲಿನ ರೈತರು ಭೂಮಿಯನ್ನು ಮಾರದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆಯೊಂದಿಗೆ ಗುತ್ತಿಗೆಗೆ ಕೊಟ್ಟರು. ಭೂಸ್ವಾಧೀನಕ್ಕಿಂತ ಇದು ಎಷ್ಟೋ ಮೇಲು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪಾವಗಡದ ಲೆಕ್ಕವನ್ನು ಕಲಬುರಗಿಯ ಎರೆಭೂಮಿಗೆ ಹಾಗೆಯೇ ತಂದು ಹೊಂದಿಸಲು ಬರುವುದಿಲ್ಲ.

ಮಳೆಯನ್ನೇ ನಂಬಿ ಜೂನ್-ಜುಲೈನಲ್ಲಿ ಬಿತ್ತಿ, ಡಿಸೆಂಬರ್ ಹೊತ್ತಿಗೆ ರಾಶಿ ಮಾಡುವ ತೊಗರಿ ನಮ್ಮ ಒಣಬೇಸಾಯದ ಬೆನ್ನೆಲುಬು; 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಈ ಬೆಳೆಯ ಹಿಂದೆ ಹೊಲದ ಮಾಲೀಕನೊಬ್ಬನೇ ಇಲ್ಲ. ಇನ್ನೊಬ್ಬರ ಹೊಲವನ್ನು ಲಾವಣಿಗೆ (ಗುತ್ತಿಗೆಗೆ) ಹಾಕಿಕೊಂಡು ಬಿತ್ತುವವರು, ಪಾಲಿಗೆ ಮಾಡುವವರು, ಕಳೆ ತೆಗೆಯುವ ಮತ್ತು ಕಟಾವು ಮಾಡುವ ಕೂಲಿ ಹೆಣ್ಣುಮಕ್ಕಳು, ಒಣಗಿದ ತೊಗರಿ ಕಟ್ಟಿಗೆಯನ್ನು ಒಲೆಗೆ ಒಯ್ಯುವ ಮನೆಗಳು, ಹೀಗೆ ಒಂದು ಹೊಲಕ್ಕೆ ಹತ್ತು ಸಂಸಾರಗಳು ಅಂಟಿಕೊಂಡಿರುತ್ತವೆ. ಗುತ್ತಿಗೆ ಪತ್ರಕ್ಕೆ ಸಹಿ ಹಾಕುವವನು ಪಹಣಿಯಲ್ಲಿ ಹೆಸರಿರುವವನು ಮಾತ್ರ, ಬಾಡಿಗೆ ಬರುವುದೂ ಅವನಿಗೇ. ಉಳಿದವರು ಮೊದಲೇ ಹಿಡಿದಿರುವ ಪುಣೆ, ಮುಂಬೈ, ಹೈದರಾಬಾದಿನ ದಾರಿಯನ್ನು ಇನ್ನಷ್ಟು ಬೇಗ ಹಿಡಿಯಬೇಕಾಗುತ್ತದೆ. ಫಲಕಗಳ ಕೆಳಗೇ ಬೇಸಾಯ ಮಾಡಬಹುದೆಂದು ಹೇಳುವವರಿದ್ದಾರೆ. ಹೆಸರು, ಉದ್ದಿನಂಥ ಗಿಡ್ಡ ಬೆಳೆಗಳಿಗೆ ಅದು ಒಪ್ಪಬಹುದೇನೋ, ಆಳೆತ್ತರ ಬೆಳೆದು ನಿಲ್ಲುವ ತೊಗರಿಗೆ ಒಪ್ಪುವುದು ಕಷ್ಟ.

ನಾನು ಸೌರಶಕ್ತಿಯ ವಿರೋಧಿಯಲ್ಲ. ನನ್ನ ತಕರಾರು ಸರದಿಯ ಬಗ್ಗೆ. ಕಲಬುರಗಿ ತಾಲ್ಲೂಕಿನ ಫಿರೋಜಾಬಾದ್ ಸುತ್ತ ಉಷ್ಣ ವಿದ್ಯುತ್ ಸ್ಥಾವರಕ್ಕೆಂದು ರೈತರಿಂದ ಪಡೆದ ಜಮೀನು ಸ್ಥಾವರವೂ ಬಾರದೆ, ಬೆಳೆಯೂ ಇಲ್ಲದೆ ವರ್ಷಗಟ್ಟಲೆ ಬಿದ್ದಿತ್ತು, ಆಮೇಲೆ ಅಲ್ಲಿ ಸೌರ ಘಟಕದ ಮಾತು ಬಂತು. ಇಂಥ ಭೂಮಿ ಮೊದಲು ಬಳಕೆಯಾಗಲಿ. ಅದರ ಜೊತೆಗೇ ನಡೆಯಬೇಕಾದದ್ದು ಪಂಪ್‌ಸೆಟ್ಟುಗಳಿಗೆ ಸೌರ ವಿದ್ಯುತ್ ಒದಗಿಸುವ ಕೇಂದ್ರದ ಕುಸುಮ್ ಯೋಜನೆಯ ಫೀಡರ್ (ಸಬ್‌ಸ್ಟೇಷನ್ನಿನಿಂದ ಹೊರಡುವ ವಿದ್ಯುತ್ ಮಾರ್ಗ) ಮಟ್ಟದ ಘಟಕಗಳು. ಸಬ್‌ಸ್ಟೇಷನ್ ಹತ್ತಿರವೇ ಸಣ್ಣ ಘಟಕ ಹಾಕಿ, ಪಂಪ್‌ಸೆಟ್ಟುಗಳ ಫೀಡರಿಗೆ ಹಗಲಿನಲ್ಲೇ ತ್ರೀ ಫೇಸ್ ಕರೆಂಟ್ ಕೊಟ್ಟರೆ, ರಾತ್ರಿ ಟಾರ್ಚ್ ಹಿಡಿದು ಹಾವು ಚೇಳುಗಳ ನಡುವೆ ನೀರು ಹಾಯಿಸಲು ಹೋಗುವುದು ತಪ್ಪುತ್ತದೆ. ಇಲ್ಲಿ ತಯಾರಾದ ವಿದ್ಯುತ್ ಇಲ್ಲೇ ಬಳಕೆಯಾಗುವುದರಿಂದ ದೂರದ ತಂತಿಗಳಲ್ಲಿ ಸೋರುವ ನಷ್ಟವೂ ಕಡಿಮೆ. ದೊಡ್ಡ ಪಾರ್ಕಿನ ಉದ್ಘಾಟನೆಗೆ ಸಿಗುವ ಪ್ರಚಾರ ಇದಕ್ಕೆ ಸಿಗುವುದಿಲ್ಲ, ಅದೇ ಇದರ ದೌರ್ಬಲ್ಯವೆಂದು ಕಾಣುತ್ತದೆ.

ಮನೆಯ ಮಾಳಿಗೆಗಳ ವಿಷಯದಲ್ಲಿ ಬೇರೆಯೇ ತೊಡಕಿದೆ. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿಗೆ 2023ರ ಆಗಸ್ಟ್ 5ರಂದು ಚಾಲನೆ ಸಿಕ್ಕಿದ್ದು ನಮ್ಮ ಕಲಬುರಗಿಯಲ್ಲೇ. ಮರುವರ್ಷ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ತಂದು, 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ಘೋಷಿಸಿತು. ಬಿಲ್ಲೇ ಬಾರದ ಮನೆಯವರು ಸಹಾಯಧನ ಕಳೆದು ಉಳಿಯುವ ಮೊತ್ತವನ್ನು ಕೈಯಿಂದ ಹಾಕಿ ಫಲಕ ಕೂರಿಸುವುದಾದರೂ ಏಕೆ? ಬಡವರ ಮನೆಯ ಉಚಿತ ಬೆಳಕನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ, ಆದರೆ ಒಂದೇ ಮನೆಯನ್ನು ಎರಡು ಯೋಜನೆಗಳು ಎರಡು ದಿಕ್ಕಿಗೆ ಎಳೆಯುತ್ತಿರುವುದನ್ನು ಎರಡೂ ಸರ್ಕಾರಗಳು ಒಪ್ಪಿಕೊಳ್ಳಬೇಕು. ಹಾಗಾಗಿ ಮಾಳಿಗೆಯ ಸೌರಶಕ್ತಿ ಬಿಲ್ಲು ಕಟ್ಟುವವರಿಂದ ಶುರುವಾಗುವುದು ನ್ಯಾಯ. ಕಲಬುರಗಿಯ ದಾಲ್ ಮಿಲ್ಲುಗಳಿಗೆ ಅಗಲವಾದ ತಗಡಿನ ಚಾವಣಿಯೂ ಇದೆ, ಹಗಲು ಹೊತ್ತಿನ ಯಂತ್ರಗಳ ಬಳಕೆಯೂ ಇದೆ. ಆಸ್ಪತ್ರೆಗಳು, ಕಾಲೇಜುಗಳು, ಎಪಿಎಂಸಿ ಗೋದಾಮುಗಳು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಟ್ಟಡಗಳ ನೆತ್ತಿ ತುಂಬುವ ಮೊದಲೇ ಎರೆಹೊಲಕ್ಕೆ ಕಂಬ ನೆಡುವ ಅವಸರವೇನು?

ಇಷ್ಟಾದರೂ ಸಂಜೆಯ ಪ್ರಶ್ನೆ ಉಳಿಯುತ್ತದೆ. ಸೂರ್ಯ ಮುಳುಗಿದ ಮೇಲೆ ಮನೆಗಳ ಬೇಡಿಕೆ ಏರುತ್ತದೆ, ಆಗ ಭಾರ ಬೀಳುವುದು ರಾಯಚೂರಿನ 1,720 ಮೆಗಾವ್ಯಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರದಂಥವುಗಳ ಮೇಲೇ. ಸಂಗ್ರಹಣೆಯ ಬ್ಯಾಟರಿಯಿಲ್ಲದೆ ಫಲಕಗಳನ್ನಷ್ಟೇ ಹೆಚ್ಚಿಸಿದರೆ ಮಧ್ಯಾಹ್ನ ವಿದ್ಯುತ್ ಮಿಗುತ್ತದೆ, ರಾತ್ರಿ ಕಲ್ಲಿದ್ದಲು ಉರಿಯುತ್ತಲೇ ಇರುತ್ತದೆ. ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳ ಕಥೆ ಇನ್ನೂ ಬಿಗಿ. ಅಲ್ಲಿ ಬರುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚಿನದು ಸುಣ್ಣದಕಲ್ಲು ಕಾದು ಒಡೆಯುವಾಗ ಕಲ್ಲಿನೊಳಗಿಂದಲೇ ಹೊರಬೀಳುತ್ತದೆ. ಕಾರ್ಖಾನೆಯ ಮೋಟಾರುಗಳೆಲ್ಲ ಸೌರ ವಿದ್ಯುತ್ತಿನಿಂದ ತಿರುಗಿದರೂ ಅದು ನಿಲ್ಲುವುದಿಲ್ಲ. ಸಿಮೆಂಟಿನಲ್ಲಿ ಕ್ಲಿಂಕರ್, ಅಂದರೆ ಸುಣ್ಣದಕಲ್ಲು ಸುಟ್ಟು ಬರುವ ಗಟ್ಟಿಗಳ, ಪ್ರಮಾಣ ಇಳಿಸಿ, ಹಾರುಬೂದಿಯಂಥವನ್ನು ಹೆಚ್ಚು ಬೆರೆಸಿದರೆ ಅಷ್ಟಿಷ್ಟು ತಗ್ಗುತ್ತದೆ.

ಈಗಾಗಲೇ ಗುತ್ತಿಗೆ ಪತ್ರ ಮುಂದಿಟ್ಟುಕೊಂಡು ಕುಳಿತಿರುವ ರೈತರಿಗೆ ನಾನು ಹೇಳುವುದಿಷ್ಟು. ಅವಧಿ ಮುಗಿದ ಮೇಲೆ ಕಾಂಕ್ರೀಟ್ ಬುನಾದಿಗಳನ್ನು ಕಿತ್ತು, ಒಡ್ಡುಗಳನ್ನು ಮೊದಲಿನಂತೆ ಕಟ್ಟಿಕೊಡುವ ಖರ್ಚು ಯಾರದೆಂದು ಪತ್ರದಲ್ಲೇ ಬರೆಸಿಕೊಳ್ಳಿ. ಕಂಪನಿ ಕೈಬದಲಾದರೆ ಬಾಡಿಗೆಯ ಹೊಣೆ ಯಾರು ಹೊರುತ್ತಾರೆಂಬುದನ್ನೂ ಬರೆಸಿಕೊಳ್ಳಿ. ಹೊಲ ಬಿಟ್ಟುಕೊಡಬೇಕಾದ ಕೂಲಿಕಾರರಿಗೆ ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲಿನ ಕೆಲಸಗಳಲ್ಲಿ ಮೊದಲ ಅವಕಾಶವೆಂಬ ಷರತ್ತನ್ನು ಗ್ರಾಮ ಪಂಚಾಯಿತಿ ಠರಾವು ಮಾಡಿ ಮುಂದಿಡಲಿ, ಒಬ್ಬೊಬ್ಬರಾಗಿ ಕೇಳಿದರೆ ಕಂಪನಿಯವರು ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.