ಲಾಡಖಾನನ ಮಾಳಿಗೆ, ನಮ್ಮ ಬಕೆಟ್

ಮೊನ್ನೆ ಸುರಿದ ಮಳೆಗೆ ನಮ್ಮ ಹಾಲ್ ಮೂರು ಕಡೆ ಸೋರಿತು. ಟಿವಿ ಮುಂದೆ ಬಕೆಟ್, ಸೋಫಾ ಪಕ್ಕ ಪಾತೇಲಿ, ದೇವರ ಮನೆ ಬಾಗಿಲಲ್ಲಿ ಇಡ್ಲಿ ಪಾತ್ರೆ. ಮನೆ ಕಟ್ಟಿ ಇನ್ನೂ 4 ವರ್ಷ. ಕಟ್ಟಿದ್ದು ಅವ್ವನ ಖಾಸಾ ತಮ್ಮ, ನಮ್ಮ ಮಾಮಾ. ಬೇರೆ ಗುತ್ತಿಗೆದಾರ ಆಗಿದ್ದರೆ ಫೋನ್ ಹಚ್ಚಿ ಬೈಯಬಹುದಿತ್ತು. ಮಾಮಾಗೆ ಬೈದರೆ ರಾತ್ರಿ ನಮಗೆ ರೊಟ್ಟಿ ಬಡಿಯೋರು ಯಾರು?

ಆ ಮಾಮಾನೇ ಭಾನುವಾರ ಕಾರು ತಂದು, "ನಡೀರಿ, ಐಹೊಳಿಗೆ ಹೋಗಿ ಬರೂಣು" ಅಂದರು. ಬಾಗಲಕೋಟೆಯವರಿಗೆ ಐಹೊಳೆ ನೆನಪಾಗುವುದೇ ಬೆಂಗಳೂರಿನಿಂದ ನೆಂಟರು ಬಂದಾಗ. ಸುಮ್ನೆ ಹತ್ತಿದೆವು.

ಮಾಮಾಗೆ ಒಂದು ಚಟ. ಗೋಡೆ ಕಂಡರೆ ಬೆರಳ ಗೆಣ್ಣಿನಿಂದ ಬಡಿದು ನೋಡಬೇಕು. ಮದುವೆ ಮನೆ, ಆಸ್ಪತ್ರೆ, ಎಲ್ಲಾದರೂ ಸರಿ. ಟಕ್ ಟಕ್. ಆಮೇಲೆ ಬಾಯಿ ಓರೆ ಮಾಡಿ, "ಮಾಲು ಕಡಿಮಿ ಹಾಕ್ಯಾರ." ದುರ್ಗದ ಗುಡಿಯಲ್ಲಿ ಜನ ಶಿಲ್ಪ ನೋಡುತ್ತಿದ್ದರೆ ಇವರು ಕುಕ್ಕರಗಾಲಲ್ಲಿ ಕೂತು ಬುನಾದಿ ಬಡಿಯುತ್ತಿದ್ದರು. ಕಾಯಿ ತಂದಿದ್ದ ಅವ್ವನಿಗೆ ಬೇರೆಯೇ ಚಿಂತೆ. ಇಲ್ಲಿನ ದುರ್ಗ ಅಂದರೆ ಕೋಟೆ, ದುರ್ಗವ್ವ ಅಲ್ಲ ಅಂತ ತಿಳಿಸುವಷ್ಟರಲ್ಲಿ ಮಳೆ ಬಂತು. ಓಡಿ ಲಾಡಖಾನ್ ಗುಡಿ ಹೊಕ್ಕೆವು.

ಹಿಂದೊಮ್ಮೆ ಲಾಡಖಾನ್ ಅನ್ನೋರು ಇಲ್ಲಿ ವಾಸವಿದ್ದರಂತೆ, ಅದಕ್ಕೇ ಆ ಹೆಸರು. ಯಾಕೆ ಇದ್ದರು ಅಂತ ನನಗೆ ಆವತ್ತು ತಿಳಿಯಿತು. ಮೇಲೆ ಇಳಿಜಾರಾಗಿ ಕಲ್ಲು ಚಪ್ಪಡಿ ಹಾಸಿದ್ದಾರೆ. ಎರಡು ಚಪ್ಪಡಿ ಕೂಡುವ ಪ್ರತಿ ಸಂದಿನ ಮೇಲೂ ಉದ್ದನೆಯ ಕಲ್ಲು ಪಟ್ಟಿ ಕೂರಿಸಿದ್ದಾರೆ, ಮರದ ತೊಲೆ ಇಟ್ಟ ಹಾಗೆ. ನೀರು ಇಳಿಯಬಾರದಲ್ಲ! ಸಾವಿರ ವರ್ಷ ದಾಟಿದ ಚಾಲುಕ್ಯರ ಕಟ್ಟಡ. ಸಿಮೆಂಟ್ ಇಲ್ಲ, ವಾಟರ್‌ಪ್ರೂಫಿಂಗ್ ಇಲ್ಲ, ಮಾಮಾ ಇಲ್ಲ.

ಮಾಮಾ ಕಂಬ ಬಡಿದರು. ಟಕ್ ಟಕ್. ಏನೂ ಅನ್ನಲಿಲ್ಲ. ಇನ್ನೊಂದು ಕಂಬಕ್ಕೆ ಹೋದರು. ಅದೂ ಗಟ್ಟಿ. ಒಂದೊಂದೇ ಬಡಿಯುತ್ತಾ ಮಂಟಪ ಪೂರ್ತಿ ಸುತ್ತಿದರು. ಕೊರತೆ ಸಿಗದೆ ಪಾಪ ಮುಖ ಸಣ್ಣದಾಯಿತು.

ಅವ್ವ ಮೇಲೆ ನೋಡಿದಳು. "ನಮ್ಮ ಮನ್ಯಾಗಿಂತ ಇಲ್ಲೇ ಒಣಾ ಐತಿ."

ನಾನು ಉಸಿರು ಬಿಗಿ ಹಿಡಿದೆ. ಮಾಮಾ ಅಳುಕಲಿಲ್ಲ. "ಇದು ಹಳೇ ಕಟ್ಟಡ ಅಕ್ಕಾ, ಸೆಟ್ ಆಗೇತಿ. ನಿಮ್ಮದಿನ್ನೂ ಹೊಸಾದು. ಸ್ವಲ್ಪ ಟೈಮ್ ಕೊಡಬೇಕು."

"ಹಳೇ ಊರಾಗಿನ ಮಣ್ಣಿನ ಮಾಳಗೀನೂ ಸೋರ್ತಿರಲಿಲ್ಲ" ಅಂದಳು ಅವ್ವ, ಸ್ವಲ್ಪ ಹೊತ್ತು ಬಿಟ್ಟು. ಆ ಮನೆ ಮುಳುಗಡೆಯಲ್ಲಿ ಹೋಯಿತು. ಈಗ ಆಲಮಟ್ಟಿ ಹಿನ್ನೀರಿನ ಕೆಳಗಿದೆ. ಬೇಸಿಗೆ ರಜೆಗೆ ಬಂದರೆ ಮಾಮಾ ಆ ಮಾಳಿಗೆ ಮೇಲೇ ಮಲಗುತ್ತಿದ್ದರು. ಮಳೆ ನಿಲ್ಲುವವರೆಗೆ ಅವರು ಯಾವ ಕಂಬವನ್ನೂ ಬಡಿಯಲಿಲ್ಲ.

ಪಟ್ಟದಕಲ್ಲಿಗೆ ಬಂದಾಗ ಮತ್ತೆ ಹುರುಪು. ವಿರೂಪಾಕ್ಷ ಗುಡಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ. ಕಟ್ಟಿದ ಗುಂಡನ ಹೆಸರು ಅಲ್ಲಿನ ಶಾಸನದಲ್ಲೇ ಇದೆ, ಬಿರುದುಗಳ ಸಮೇತ. "ನೋಡ್ ಅಳಿಯಾ, ಕಟ್ಟಿದಾವಗ ಏನ್ ಮರ್ಯಾದಿ!" ಅಂದರು ಮಾಮಾ. ಹೌದು ಅಂದೆ. ನಮ್ಮ ಹಾಲ್ ಛಾವಣಿಯಲ್ಲೂ ಅವರ ಶಾಸನ ಇದೆ. ಹಳದಿ ಬಣ್ಣದ್ದು. ಮಳೆಗೊಮ್ಮೆ ಎರಡು ಸಾಲು ಜಾಸ್ತಿ ಆಗುತ್ತದೆ.

ಮನೆಗೆ ಬಂದು ಬಾಗಿಲು ತೆಗೆದರೆ ಬಕೆಟ್ ಮುಕ್ಕಾಲು ತುಂಬಿತ್ತು. ಮಾಮಾ ಅದನ್ನು ಕಾಲಿನಿಂದ ಆಚೆ ಸರಿಸಿ ಸೋಫಾ ಮೇಲೆ ಕೂತರು. ಹಿಂದಿನ ಗೋಡೆ ಬಡಿದರು. ಟಕ್ ಟಕ್.

"ಗಟ್ಟಿ ಐತಿ. ಅಕ್ಕಾ, ಚಹಾ ಮಾಡ್."